ಇಷ್ಟು ಗಂಭೀರ ವಿಷಯಕ್ಕೆ ಕಾಮಿಕ್ಸ್ ಯಾಕೆ?

ಜಾತಿ, ವಲಸೆ, ವರ್ಣಭೇದದ ಬಗ್ಗೆ ಏನು ಓದಲಿ ಅಂತ ಯಾರಾದರೂ ಕೇಳಿದರೆ ನಾನು ಒಂದೆರಡು ಕಾಮಿಕ್ಸ್ ಹೆಸರನ್ನೂ ಹೇಳುತ್ತೇನೆ. ಆಗ ತಪ್ಪದೆ ಬರುವ ಪ್ರಶ್ನೆ ಇದು: "ಇಷ್ಟು ಗಂಭೀರ ವಿಷಯಕ್ಕೆ ಕಾಮಿಕ್ಸ್ ಯಾಕೆ? ಅದು ಮಕ್ಕಳು ಓದೋದಲ್ವಾ?"

ತಾರತಮ್ಯ ಕಣ್ಣಿಗೆ ಕಾಣುವಂಥದ್ದು, ಅದಕ್ಕೇ. ಯಾರು ಒಳಗೆ, ಯಾರು ಹೊರಗೆ? ನೀರನ್ನು ಕೈಗೆ ಕೊಡುತ್ತಾರೋ, ಮೇಲಿಂದ ಸುರಿಯುತ್ತಾರೋ? ನಮ್ಮ ಹಳ್ಳಿ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುತ್ತಿದ್ದರಲ್ಲ, ಆ ಲೋಟ ಇಟ್ಟ ಜಾಗವೇ ಎಲ್ಲವನ್ನೂ ಹೇಳುತ್ತಿತ್ತು. ಬರೆಯುವವರು ಇದನ್ನು ವಿವರಿಸಬೇಕಾಗುತ್ತದೆ. ಚಿತ್ರ ಬಿಡಿಸುವವರು ಆ ಅಂತರವನ್ನೇ ಹಾಳೆಯ ಮೇಲೆ ಇಟ್ಟುಬಿಡುತ್ತಾರೆ.

2011ರಲ್ಲಿ ನವಯಾನ ಪ್ರಕಾಶನ ತಂದ 'ಭೀಮಾಯಣ'ವನ್ನೇ ನೋಡಿ. ಅಂಬೇಡ್ಕರ್ ತಾವೇ ಬರೆದಿಟ್ಟ ಅನುಭವಗಳು ಅದರ ಆಧಾರ. ಬರಹ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು. ಚಿತ್ರಗಳು ಮಧ್ಯ ಭಾರತದ ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅವರದು. 1901ರಲ್ಲಿ ಪುಟ್ಟ ಭೀಮ ತನ್ನ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಅಪ್ಪ ಕೆಲಸ ಮಾಡುತ್ತಿದ್ದ ಊರಿಗೆ ಹೊರಟ. ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಅಸ್ಪೃಶ್ಯರೆಂದು ದೂರ ಇಡುತ್ತಿದ್ದ ಮಹಾರ್ ಜಾತಿಯ ಮಕ್ಕಳು ಅಂತ ಗೊತ್ತಾದದ್ದೇ ತಡ, ಗಾಡಿಯವರು ಯಾರೂ ಬರಲೊಲ್ಲರು. ಕೊನೆಗೆ ಒಬ್ಬ ಒಪ್ಪಿದ. ಬಾಡಿಗೆ ಎರಡರಷ್ಟು ಕೊಡಬೇಕು, ಗಾಡಿಯನ್ನು ಹುಡುಗರೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಅಂದ. ಬುತ್ತಿ ಬೇಕಾದಷ್ಟಿತ್ತು. ಕುಡಿಯಲು ನೀರು ಮಾತ್ರ ಸಿಗಲಿಲ್ಲ.

ಕಾಮಿಕ್ಸ್ ಅಂದರೆ ಸಾಲು ಸಾಲು ಚೌಕ ಅಲ್ವಾ? ಈ ಪುಸ್ತಕದಲ್ಲಿ ಆ ಚೌಕಗಳಿಲ್ಲ. ಜನರನ್ನು ಡಬ್ಬಿಯೊಳಗೆ ಕೂಡಿಹಾಕಿದರೆ ಉಸಿರು ಕಟ್ಟುತ್ತದೆ, ಎಲ್ಲರಿಗೂ ಜಾಗ ಬೇಕು ಎಂಬುದು ಆ ಕಲಾವಿದರ ನಿಲುವು. ಗೊಂಡರು ಗೋಡೆ, ನೆಲದ ಮೇಲೆ ಬಿಡಿಸುವ ದಿಗ್ನಾ ವಿನ್ಯಾಸಗಳೇ ಇಲ್ಲಿ ಪುಟವನ್ನು ಭಾಗ ಮಾಡುತ್ತವೆ. ಮೆದು ಮಾತಿನ ಬಲೂನು ಹಕ್ಕಿಯ ಆಕಾರದಲ್ಲಿದೆ. ಚುಚ್ಚುವ ಮಾತಿನ ಬಲೂನಿಗೆ ಚೇಳಿನ ಕೊಂಡಿ ಇದೆ. ಅಕ್ಷರ ಓದುವ ಮೊದಲೇ ಆ ಮಾತು ಕುಟುಕುತ್ತದೆ. ಜಾತಿಯ ಮಾತು ಕಿವಿಗೆ ಬೀಳುವುದೂ ಹಾಗೇ, ಅರ್ಥ ಆಮೇಲೆ. ಇದಕ್ಕಿಂತ ಗಂಭೀರವಾಗಿ ಬೇರೆ ಹೇಗೆ ಹೇಳುವುದು?

ಕಾಮಿಕ್ಸ್ ಹೋರಾಟದ ಸಾಧನವೂ ಆಗಿದೆ. ಅಮೆರಿಕದಲ್ಲಿ 1957ರಲ್ಲೇ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಬಸ್ಸುಗಳಲ್ಲಿನ ವರ್ಣಭೇದದ ವಿರುದ್ಧ ನಡೆದ ಮಾಂಟ್‌ಗೊಮರಿ ಬಸ್ ಬಹಿಷ್ಕಾರದ ಬಗ್ಗೆ 10 ಸೆಂಟಿನ ತೆಳು ಕಾಮಿಕ್ಸ್ ಬಂತು. ಅದರಲ್ಲಿ ನಮ್ಮ ಗಾಂಧಿಯೂ ಇದ್ದಾರೆ. ಅಹಿಂಸೆಯಿಂದ ಪ್ರತಿಭಟಿಸುವುದು ಹೇಗೆ ಅಂತ ಅದು ಬಿಡಿಸಿ ಹೇಳುತ್ತದೆ. ಚಿಕ್ಕ ವಯಸ್ಸಿನಲ್ಲಿ ಅದರಿಂದ ಸ್ಫೂರ್ತಿ ಪಡೆದು ಅದೇ ಹೋರಾಟಕ್ಕೆ ಇಳಿದ ಜಾನ್ ಲೂಯಿಸ್, ಸಂಸದರಾದ ಮೇಲೆ ತಮ್ಮ ಹೋರಾಟದ ಕಥೆಯನ್ನು 'ಮಾರ್ಚ್' ಎಂಬ ಮೂರು ಭಾಗಗಳ ಕಾಮಿಕ್ಸ್ ಆಗಿಯೇ ಹೇಳಿದರು. ಮೂರನೆಯ ಭಾಗಕ್ಕೆ 2016ರಲ್ಲಿ ನ್ಯಾಷನಲ್ ಬುಕ್ ಅವಾರ್ಡ್ ಬಂತು.

ವಲಸೆಯ ವಿಷಯಕ್ಕೆ ನನಗೆ ತುಂಬಾ ಇಷ್ಟವಾದದ್ದು ಹೆನ್ರಿ ಕಿಯಾಮಾ ಎಂಬ ಜಪಾನಿ ಕಲಾವಿದ 1931ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಾವೇ ಪ್ರಕಟಿಸಿದ ಪುಸ್ತಕ. ನಾಲ್ವರು ಜಪಾನಿ ಯುವಕರು ಅಲ್ಲಿಗೆ ಬಂದು ಮನೆಗೆಲಸಕ್ಕೆ ಸೇರುತ್ತಾರೆ. ಬೈಗುಳ ತಿನ್ನುತ್ತಾರೆ. 1906ರ ಭೂಕಂಪ ನೋಡುತ್ತಾರೆ. 1924ರಲ್ಲಿ ಜಪಾನಿಯರ ವಲಸೆಗೆ ಬಾಗಿಲು ಮುಚ್ಚುವ ಕಾನೂನೂ ಬರುತ್ತದೆ. ಈ ಪುಸ್ತಕದಲ್ಲಿ ಜಪಾನಿಯರು ತಮ್ಮತಮ್ಮಲ್ಲಿ ಜಪಾನಿಯಲ್ಲೇ ಮಾತಾಡುತ್ತಾರೆ, ಅಮೆರಿಕನ್ನರು ಇಂಗ್ಲಿಷಿನಲ್ಲಿ. ಓದುವವರಿಗೆ ಒಂದೇ ಭಾಷೆ ಬಂದರೆ ಅರ್ಧ ಪುಸ್ತಕ ಅರ್ಥವಾಗದೆ ಹಾಗೇ ಉಳಿಯುತ್ತಿತ್ತು. ಹೊರಗಿನವರಾಗಿ ಬದುಕುವುದು ಏನು ಅಂತ ಓದುವವರಿಗೆ ಅಲ್ಲೇ ಗೊತ್ತಾಗುತ್ತದೆ.

ಇಂಥ ಕಾಮಿಕ್ಸ್ ಎಲ್ಲವೂ ಚೆನ್ನಾಗಿರುತ್ತವೆ ಅಂತ ನಾನು ಹೇಳುವುದಿಲ್ಲ. ಭಾಷಣ ಬರೆದು ಪಕ್ಕದಲ್ಲಿ ಸುಮ್ನೆ ಒಂದು ಮುಖ ಅಂಟಿಸಿದಂಥವು ಜಾಸ್ತಿ ಇವೆ. ಚಿತ್ರ ತೆಗೆದರೂ ಏನೂ ನಷ್ಟವಾಗದಿದ್ದರೆ ಅದು ಕರಪತ್ರ, ಕಾಮಿಕ್ಸ್ ಅಲ್ಲ.

ಮಕ್ಕಳು ಓದೋದಲ್ವಾ ಅನ್ನುವುದಕ್ಕೆ: ಹೌದು, ಮಕ್ಕಳೂ ಓದಲಿ. ಮಸೂರ್ ಸ್ಟೇಷನ್ನಿನಲ್ಲಿ ನಿಂತಿದ್ದ ಭೀಮನಿಗೆ ಆಗ ಸುಮಾರು ಹತ್ತು ವರ್ಷ. ಅದೇ ವಯಸ್ಸಿನ ಮಗು ಮನೆಯಲ್ಲಿದ್ದರೆ 'ಭೀಮಾಯಣ'ದಿಂದ ಶುರು ಮಾಡಿ, ನೀವೂ ಜೊತೆಗೆ ಕೂತು ಓದಿ. ಯಾಕೆ ನೀರು ಕೊಡಲಿಲ್ಲ ಅಂತ ಮಗು ಖಂಡಿತ ಕೇಳುತ್ತದೆ.