ಶ್ರೀಲಂಕಾಗೆ ಹಕ್ಕಿ ನೋಡಲು ಹೊರಟವರಿಗೆ: ಯಾಲ ಬಿಡಿ, ಮಳೆಕಾಡಿಗೆ ಹೋಗಿ

ಶ್ರೀಲಂಕಾದಲ್ಲಿ ಹಕ್ಕಿ ನೋಡಲು ಎಲ್ಲಿಗೆ ಹೋಗಬೇಕು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ. ನಿಮ್ಮ ಹತ್ತಿರ ಎಷ್ಟು ದಿನ ಇದೆ? ಹದಿನೈದು ದಿನ ಇದ್ದರೆ ಇಡೀ ದ್ವೀಪ ಸುತ್ತಿ, ಯಾರು ಬೇಡ ಅಂತಾರೆ. ಆದರೆ ನಮ್ಮ ಹಾಗೆ ಎಂಟು ದಿನದ ರಜೆ ಹೊಂದಿಸಿಕೊಂಡು ಹೋಗುವವರು ಯಾಲ, ಉಡವಲವೆ ಎಂಬ ಎರಡು ರಾಷ್ಟ್ರೀಯ ಉದ್ಯಾನಗಳನ್ನೂ ಕೈಬಿಡಿ. ನೇರ ಮಳೆಕಾಡಿಗೆ ಹೋಗಿ.

ಯಾಲ ಕೆಟ್ಟ ಜಾಗ ಅಂತಲ್ಲ. ಚಿರತೆ ನೋಡಬೇಕು ಅಂತಿದ್ದರೆ ಅಲ್ಲಿಗೇ ಹೋಗಬೇಕು. ಆದರೆ ಅಲ್ಲಿ ಕಾಣುವ ನವಿಲು, ಬಣ್ಣದ ಕೊಕ್ಕರೆ, ಕಳ್ಳಿಪೀರ, ಮಿಂಚುಳ್ಳಿಗಳನ್ನು ನಾವು ರಂಗನತಿಟ್ಟಿನಲ್ಲೋ ಕಬಿನಿಯಲ್ಲೋ ಕಣ್ತುಂಬ ನೋಡಿರುತ್ತೇವೆ. ಅದಕ್ಕೆ ವಿಮಾನ ಹತ್ತಬೇಕಾ? ಈ ದ್ವೀಪದಲ್ಲಿ ಮಾತ್ರ ಸಿಗುವ ಹಕ್ಕಿಗಳು ಸುಮಾರು 34 ಜಾತಿ. ಪಟ್ಟಿ ಮಾಡುವವರು ಬದಲಾದರೆ ಒಂದೆರಡು ಹೆಚ್ಚು ಕಡಿಮೆ ಆಗುತ್ತದೆ ಅಷ್ಟೇ. ಅವುಗಳಲ್ಲಿ ಹೆಚ್ಚಿನವು ಇರುವುದು ನೈಋತ್ಯದ ಒದ್ದೆ ಕಾಡಿನಲ್ಲಿ ಮತ್ತು ನಡುವಿನ ಎತ್ತರದ ಬೆಟ್ಟಗಳಲ್ಲಿ.

ನಾನು ಮತ್ತು ಭಾವ ಹೋಗಿದ್ದು ಫೆಬ್ರವರಿಯಲ್ಲಿ. ಕಿತುಲ್‌ಗಲದಲ್ಲಿ ಎರಡು ರಾತ್ರಿ, ಸಿಂಹರಾಜ ಮಳೆಕಾಡಿನಲ್ಲಿ ಮೂರು, ಬೆಟ್ಟದ ಊರು ನುವಾರ ಎಲಿಯದಲ್ಲಿ ಎರಡು. ಮತ್ತೆ ಹೋದರೂ ಇದೇ ದಾರಿ ಹಿಡಿಯುತ್ತೇನೆ. ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಒದ್ದೆ ಕಾಡಿನಲ್ಲಿ ಮಳೆ ಸ್ವಲ್ಪ ಕಡಿಮೆ, ಚಳಿಗಾಲಕ್ಕೆ ಉತ್ತರದಿಂದ ಬಂದ ವಲಸೆ ಹಕ್ಕಿಗಳೂ ಇನ್ನೂ ಇರುತ್ತವೆ. ಮೇ ತಿಂಗಳಿಂದ ಅಲ್ಲೂ ನೈಋತ್ಯ ಮುಂಗಾರು ಶುರು. ಏಪ್ರಿಲ್ ಮಧ್ಯದಲ್ಲಿ ಅವರ ಹೊಸ ವರ್ಷ. ಆಗ ನುವಾರ ಎಲಿಯದಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ದಾರಿಯ ವಿಷಯದಲ್ಲಿ ಒಂದು ಎಚ್ಚರಿಕೆ. ನಕ್ಷೆಯಲ್ಲಿ ಕಾಣುವ ದೂರವನ್ನು ನಂಬಬೇಡಿ. ಕಟುನಾಯಕ ವಿಮಾನ ನಿಲ್ದಾಣದಿಂದ ಕಿತುಲ್‌ಗಲಕ್ಕೆ ನೂರು ಕಿಲೋಮೀಟರ್ ಆಸುಪಾಸು. ನಮಗೆ ಮೂರು ಗಂಟೆಗೂ ಜಾಸ್ತಿ ಹಿಡಿಯಿತು. ಬೆಟ್ಟದ ರಸ್ತೆಗಳಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರ್ ಅಂತ ಲೆಕ್ಕ ಇಟ್ಟುಕೊಂಡರೆ ನಿರಾಸೆ ಆಗುವುದಿಲ್ಲ.

ಕಿತುಲ್‌ಗಲಕ್ಕೆ ಜನ ಹೆಚ್ಚಾಗಿ ಬರುವುದು ಕೆಲಾನಿ ನದಿಯಲ್ಲಿ ರಾಫ್ಟಿಂಗ್ ಮಾಡಲು. ನಮಗೆ ಬೇಕಿದ್ದದ್ದು ಹೊಳೆಯ ಆಚೆ ಇರುವ ಮಕಂದಾವ ಕಾಡು. ಬೆಳಿಗ್ಗೆ ಆರೂವರೆಗೆ ಹೊಳೆ ದಾಟಿದರೆ ಮೊದಲು ಸಿಗುವುದು ಮನೆಗಳ ಹಿತ್ತಿಲು, ರಬ್ಬರ್ ಮರ, ಬಾಳೆ. ಗಡಿಬಿಡಿಯಲ್ಲಿ ಕಾಡೊಳಗೆ ನುಗ್ಗಬೇಡಿ. ಈ ಹಿತ್ತಿಲುಗಳಲ್ಲೇ ಹಳದಿ ಹಣೆಯ ಕುಟ್ರ, ಅಲ್ಲಿಯದೇ ಬೂದು ಮಂಗಟ್ಟೆ, ಲಟಕನ ಗಿಳಿ ಎಲ್ಲ ಸಿಕ್ಕವು. ಕಂದು ಬೆನ್ನಿನ ಪುಟ್ಟ ಗೂಬೆಯೊಂದು ಹಾಡಹಗಲಲ್ಲೇ ಕೂಗುತ್ತಾ ಕೂತಿತ್ತು. ಇವೆಲ್ಲ ಆ ದ್ವೀಪದವೇ.

ನಾವು ಮಾಡಿದ ದೊಡ್ಡ ತಪ್ಪು ಸಿಂಹರಾಜದ್ದು. ಇದನ್ನು ಓದಿಯಾದರೂ ನೀವು ಮಾಡಬೇಡಿ. ಈ ಕಾಡಿಗೆ ಒಂದೇ ಬಾಗಿಲಲ್ಲ. ವಾಯವ್ಯದಲ್ಲಿ ಕುಡಾವ, ಆಗ್ನೇಯದಲ್ಲಿ ದೆನಿಯಾಯ. ನಾನು 'ಸಿಂಹರಾಜದ ಹತ್ತಿರ' ಅಂತ ಕಂಡ ಒಂದು ಕೋಣೆ ಹಿಡಿದೆ. ಅದು ದೆನಿಯಾಯ ಕಡೆಯದು. ಮಾತಾಡಿಟ್ಟುಕೊಂಡಿದ್ದ ಹಕ್ಕಿ ಗೈಡ್ ಕುಡಾವದಲ್ಲಿ ಕಾಯುತ್ತಿದ್ದ. ನಕ್ಷೆಯಲ್ಲಿ ಎರಡೂ ಪಕ್ಕಪಕ್ಕದ ಹಾಗೇ ಕಾಣುತ್ತವೆ. ಆದರೆ ನಡುವೆ ಇರುವುದೇ ಕಾಡು! ರಸ್ತೆ ಅದನ್ನು ಸುತ್ತಿಕೊಂಡು ಹೋಗುತ್ತದೆ. ಅರ್ಧ ದಿನ ಕಾರಿನಲ್ಲೇ ಹೋಯಿತು. ಭಾವ ಒಂದು ಮಾತೂ ಬೈಯಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

ಹಕ್ಕಿಗಾಗಿ ಹೋಗುವುದಾದರೆ ಕುಡಾವ ಕಡೆಯೇ ಹೋಗಿ. 1970ರ ದಶಕದಲ್ಲಿ ಪ್ಲೈವುಡ್‌ಗಾಗಿ ಇಲ್ಲಿ ಮರ ಕಡಿಯುತ್ತಿದ್ದರು. ಜನರ ವಿರೋಧದಿಂದ ಅದು ನಿಂತಿತು. 1988ರಲ್ಲಿ ಕಾಡು ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಆಗ ಮರ ಸಾಗಿಸಲು ಮಾಡಿದ್ದ ಅಗಲ ದಾರಿಯೇ ಈಗ ಹಕ್ಕಿ ನೋಡುವವರ ದಾರಿ. ದಟ್ಟ ಕಾಡಿನಲ್ಲಿ ತಲೆ ಎತ್ತಿದರೆ ಬರೀ ಎಲೆ. ಇಲ್ಲಿ ಮಾತ್ರ ಸ್ವಲ್ಪ ಆಕಾಶ ಬಿಟ್ಟುಕೊಂಡಿರುವುದರಿಂದ ಹಕ್ಕಿ ದಾಟುವುದು ಕಾಣುತ್ತದೆ. ಅನ್ಯಾಯದ ದಾರಿ ನಮಗೆ ಅನುಕೂಲವಾಯಿತು, ಏನು ಮಾಡುವುದು.

ಟಿಕೆಟ್ ಜೊತೆಗೆ ಗೈಡ್ ಕಡ್ಡಾಯ. ಅರಣ್ಯ ಇಲಾಖೆಯ ಕೌಂಟರ್‌ನಲ್ಲಿ ಕೊಡುವ ಗೈಡ್‌ಗಳೆಲ್ಲ ಹಕ್ಕಿ ಬಲ್ಲವರಲ್ಲ. ಕೆಲವರಿಗೆ ಜಲಪಾತ ತೋರಿಸಿ ಬೇಗ ವಾಪಸು ಬರುವ ಅವಸರ. 'ನಮಗೆ ಹಕ್ಕಿ ಬೇಕು, ನಿಧಾನ ಹೋಗೋಣ' ಅಂತ ಮೊದಲೇ ಹೇಳಿ. ನಮ್ಮ ಗೈಡ್ ಆ ಊರಿನ ಹುಡುಗ. ಕಿವಿಯಿಂದಲೇ ಹಕ್ಕಿ ಹುಡುಕುತ್ತಿದ್ದ.

ಸಿಂಹರಾಜದಲ್ಲಿ ಹಕ್ಕಿ ನೋಡುವ ರೀತಿಯೇ ಬೇರೆ. ಮೊದಲ ಎರಡು ಗಂಟೆ ನಮಗೆ ಏನೂ ಕಾಣಲಿಲ್ಲ. ಜೀರುಂಡೆ ಸದ್ದು, ಎಲೆಯಿಂದ ತೊಟ್ಟಿಕ್ಕುವ ನೀರು, ಅಷ್ಟೇ. 'ಇದಕ್ಕಿಂತ ಆಗುಂಬೆಯೇ ವಾಸಿ' ಅಂತ ಭಾವ ಅನ್ನುವಷ್ಟರಲ್ಲಿ ಗೈಡ್ ಕೈ ಎತ್ತಿದ. ದೂರದಲ್ಲಿ ಹರಟೆಮಲ್ಲಗಳ ಗಲಾಟೆ. 'ಮಹತ್ತಯಾ (ಅವರ ಭಾಷೆಯ 'ಸಾರ್'), ಇಲ್ಲೇ ನಿಲ್ಲಿ, ಅವೇ ಬರುತ್ತವೆ' ಅಂದ. ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳು ಕೆಳಗಿನ ಪೊದೆಗಳಲ್ಲಿ ಮುಂದೆ ಮುಂದೆ. ಅವುಗಳ ಜೊತೆ ಜುಟ್ಟಿನ ಕಾಜಾಣ, ಎಲ್ಲರ ಕೂಗನ್ನೂ ಅಣಕಿಸುತ್ತಾ. ಆಮೇಲೆ ಒಂದೊಂದೇ ಮರ ಜೀವಂತವಾಯಿತು. ಮಲಬಾರ್ ಟ್ರೋಗನ್ ಕೆಂಪು ಹೊಟ್ಟೆ ತೋರಿಸಿ ಕೂತಿತು. ಬೂದು ತಲೆಯ ಹರಟೆಮಲ್ಲಗಳು ನೆಲದ ತರಗೆಲೆ ಮಗುಚುತ್ತಾ ನಮ್ಮ ಕಾಲ ಹತ್ತಿರವೇ ಹಾದವು. ಮೇಲೆ, ತುಂಬಾ ಮೇಲೆ, ಬಳ್ಳಿಗಳ ನಡುವೆ ಉದ್ದ ಬಾಲದ ಒಂದು ನೆರಳು. ಕೆಂಪು ಮುಖದ ಮಾಲ್ಕೋಹಾ. ನಾನು ಕ್ಯಾಮೆರಾ ಸರಿ ಮಾಡುತ್ತಾ ಕೂತೆ. ಅದು ಹೋಯಿತು. ಹತ್ತು ನಿಮಿಷದಲ್ಲಿ ಮೆರವಣಿಗೆ ಮುಗಿದು ಕಾಡು ಮತ್ತೆ ಮೊದಲಿನ ಹಾಗೆ ಮೌನ.

ಬೇರೆ ಬೇರೆ ಜಾತಿಯ ಹಕ್ಕಿಗಳು ಹೀಗೆ ಒಟ್ಟಾಗಿ ಮೇಯುವುದನ್ನು ಇಲ್ಲಿ 1980ರ ದಶಕದಿಂದಲೇ ಅಧ್ಯಯನ ಮಾಡುತ್ತಿದ್ದಾರೆ. ಒಂದು ಗುಂಪಿನಲ್ಲಿ ಸರಾಸರಿ 11-12 ಜಾತಿಯ ಸುಮಾರು 40 ಹಕ್ಕಿಗಳು ಇರುತ್ತವಂತೆ. ಅಂದರೆ ಸಿಂಹರಾಜದಲ್ಲಿ ಒಂದು ಗುಂಪು ಸಿಕ್ಕರೆ ಅರ್ಧ ಪಟ್ಟಿ ಆಯಿತು. ಸಿಗದಿದ್ದರೆ ಇಡೀ ದಿನ ಬರೀ ನಡಿಗೆ. ಅದಕ್ಕೇ ನಾನು ಮೂರು ರಾತ್ರಿ ಅನ್ನುವುದು. ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ ಇದು ಲಾಟರಿ. ಗುಂಪು ಬಂದಾಗ ಮೊದಲು ಬೈನಾಕ್ಯುಲರ್, ಕ್ಯಾಮೆರಾ ಆಮೇಲೆ. ನಾನು ಕಲಿತದ್ದು ತಡವಾಗಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ 10x ಬೈನಾಕ್ಯುಲರ್‌ಗಿಂತ ಎಂಟು ಪಟ್ಟಿನ, 42 ಮಿಲಿಮೀಟರ್ ಮಸೂರದ 8x42 ಇಲ್ಲಿಗೆ ಸರಿ. ಕಾಡೊಳಗೆ ಬೆಳಕು ಕಡಿಮೆ, ಹಕ್ಕಿ ಹತ್ತಿರ.

ನೀಲಿ ಮ್ಯಾಗ್‌ಪೈ ಹುಡುಕಿಕೊಂಡು ಅಲೆಯಬೇಡಿ. ಬೆಳಗಾಗುವ ಹೊತ್ತಿಗೆ ದೀಪ ಉರಿಯುವ ಕಟ್ಟಡಗಳ ಹತ್ತಿರ ನಿಲ್ಲಿ. ರಾತ್ರಿ ದೀಪಕ್ಕೆ ಬಂದು ಗೋಡೆಗೆ ಅಂಟಿಕೊಂಡಿರುವ ಪತಂಗಗಳನ್ನು ತಿನ್ನಲು ಅವೇ ಬರುತ್ತವೆ. ನಮ್ಮ ಮಟಪಕ್ಷಿಯ ನೆಂಟ ಅಂದುಕೊಳ್ಳಿ, ಆದರೆ ಕಡು ನೀಲಿ ಮೈ, ಕಂದು ತಲೆ, ಕೆಂಪು ಕೊಕ್ಕು, ಕಣ್ಣಿನ ಸುತ್ತ ಕೆಂಪು ಉಂಗುರ. ನಾನು ಚಹಾ ಕುಡಿಯುತ್ತಾ ನಿಂತಿದ್ದಾಗ ಒಂದು ಹಕ್ಕಿ ಪತಂಗದ ರೆಕ್ಕೆಗಳನ್ನು ಕಿತ್ತು ಕೆಳಗೆ ಉದುರಿಸಿ ಮೈ ಮಾತ್ರ ನುಂಗಿತು. ರೆಕ್ಕೆ ಒಂದು ನನ್ನ ಲೋಟದ ಪಕ್ಕವೇ ಬಿತ್ತು. ಹಸಿರು ಕೊಕ್ಕಿನ ಕೆಂಬೂತವೂ ಬೆಳಗಿನ ಜಾವದ ಹಕ್ಕಿಯೇ. ಬಿಸಿಲೇರಿದ ಮೇಲೆ ಬರೀ ಕೂಗು.

ಸೆರೆಂದಿಬ್ ಸ್ಕಾಪ್ಸ್ ಗೂಬೆಯ ಕಥೆ ಗೊತ್ತಿರಬೇಕು. 1995ರಲ್ಲಿ ದೀಪಲ್ ವಾರಕಗೊಡ ಎಂಬ ಶ್ರೀಲಂಕಾದ ಪಕ್ಷಿತಜ್ಞರು ಮಳೆಕಾಡಿನಲ್ಲಿ ಗುರುತು ಸಿಗದ ಒಂದು ಕೂಗು ಕೇಳಿದರು. ಹಕ್ಕಿ ಕಣ್ಣಿಗೆ ಬಿದ್ದದ್ದು 2001ರಲ್ಲಿ, ಹೊಸ ಜಾತಿ ಅಂತ ವೈಜ್ಞಾನಿಕವಾಗಿ ಹೆಸರಿಟ್ಟದ್ದು 2004ರಲ್ಲಿ. ಹಗಲು ಅದು ಮಲಗಿರುವ ಪೊದೆ ಕೆಲವು ಗೈಡ್‌ಗಳಿಗೆ ಗೊತ್ತಿರುತ್ತದೆ. ತೋರಿಸಿದರೆ ಪುಣ್ಯ. ಆದರೆ ಫ್ಲ್ಯಾಶ್ ಹಾಕಬೇಡಿ, ಫೋನಿನಲ್ಲಿ ಕೂಗು ಹಾಕಿ ಕರೆಯಬೇಡಿ. ನಮಗೆ ಸಿಗಲಿಲ್ಲ. ಶ್ರೀಲಂಕಾ ಕಪ್ಪೆಬಾಯಿ (ಫ್ರಾಗ್‌ಮೌತ್) ಹಕ್ಕಿಗಳ ಜೋಡಿಯೊಂದು ಒಣಗಿದ ಎಲೆಗಳ ಹಾಗೆ ಅಂಟಿಕೊಂಡು ಕೂತಿದ್ದು ಸಿಕ್ಕಿತು. ಹೆಸರಲ್ಲಿ ಶ್ರೀಲಂಕಾ ಇದ್ದರೂ ಅದು ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ.

ಈಗ ಉಂಬಳದ, ಅಂದರೆ ಕಾಡಿನ ಜಿಗಣೆಯ ವಿಷಯ. ಮಲೆನಾಡಿನವರಿಗೆ ಹೊಸದೇನಲ್ಲ, ಉಳಿದವರು ಜಿಗಣೆ ಸಾಕ್ಸ್ ತಗೊಂಡೇ ಹೋಗಿ. ಮಾಮೂಲಿ ಸಾಕ್ಸ್‌ನ ನೇಯ್ಗೆಯೊಳಗೆ ಅವು ಸಲೀಸಾಗಿ ತೂರುತ್ತವೆ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಮಧ್ಯಾಹ್ನದ ಮೇಲೆ ಸುರಿಯುವುದು ಗ್ಯಾರಂಟಿ ಅಂದುಕೊಳ್ಳಿ. ರೇನ್‌ಕೋಟ್ ಒಳಗೆ ಬೇಯುವುದಕ್ಕಿಂತ ಛತ್ರಿ ವಾಸಿ.

ಉಂಬಳ ಅಂದಾಗ ನೆನಪಾಯಿತು. ಸಸ್ಯಾಹಾರಿಗಳು ಅಲ್ಲಿ 'ಉಂಬಲಕಡ' ಎಂಬ ಪದ ಕಲಿತಿರಬೇಕು. ಮೊದಲ ದಿನ ಹೋಟೆಲಿನವನು 'ಈ ಸಂಬಲದಲ್ಲಿ ಉಂಬಲಕಡ ಇದೆ' ಅಂದಾಗ ತೀರ್ಥಹಳ್ಳಿಯ ನಮ್ಮ ಭಾವ ತಟ್ಟೆಯನ್ನೇ ದೂರ ತಳ್ಳಿದರು. ಅದು ಜಿಗಣೆಯಲ್ಲ, ಒಣಗಿಸಿ ಪುಡಿ ಮಾಡಿದ ಮಾಲ್ಡೀವ್ಸ್ ಮೀನು. ಕಾಯಿ ಚಟ್ನಿಯಂಥ ಪೋಲ್ ಸಂಬಲಕ್ಕೆ, ಎಷ್ಟೋ ಸಲ ತರಕಾರಿ ಪಲ್ಯಕ್ಕೂ ಹಾಕುತ್ತಾರೆ. 'ಉಂಬಲಕಡ ಬೇಡ' ಅಂತ ಬಿಡಿಸಿ ಹೇಳಿ. ಅನ್ನ, ಪರಿಪ್ಪು ಅನ್ನುವ ಬೇಳೆ ಸಾರು, ಶಾವಿಗೆ ಎಲ್ಲ ಕಡೆ ಸಿಗುತ್ತದೆ. ಹಸಿದುಕೊಂಡು ವಾಪಸು ಬರಬೇಕಾಗುವುದಿಲ್ಲ.

ದುಡ್ಡಿನ ಬಗ್ಗೆ ಎರಡು ಮಾತು. ವಿದೇಶಿಯರಿಗೆ ಪ್ರವೇಶ ಶುಲ್ಕ ಸ್ಥಳೀಯರಿಗಿಂತ ತುಂಬಾ ಜಾಸ್ತಿ. ರಾಷ್ಟ್ರೀಯ ಉದ್ಯಾನಗಳಲ್ಲಿ ಸಾರ್ಕ್ ದೇಶದವರಿಗೆ ಬೇರೆ, ಕಡಿಮೆ ದರ ಇರುತ್ತದೆ. ಕೇಳಿ ತಗೊಳ್ಳಿ, ಪಾಸ್‌ಪೋರ್ಟ್ ಜೇಬಲ್ಲಿರಲಿ. ಕುಡಾವ ಸಣ್ಣ ಹಳ್ಳಿ, ಶ್ರೀಲಂಕಾ ರೂಪಾಯಿ ನೋಟುಗಳನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡುವ ಮೊದಲೇ ಸರ್ಕಾರಿ ತಾಣದಲ್ಲಿ ನೋಡಿ.

ಕುಡಾವದಿಂದ ನುವಾರ ಎಲಿಯಕ್ಕೆ ಹೋಗಲು ಒಂದು ಹಗಲೇ ಬೇಕು. ಸುಮಾರು 1,870 ಮೀಟರ್ ಎತ್ತರದ ಊರು, ಚಳಿ. ಇಲ್ಲಿ ಹಕ್ಕಿ ನೋಡುವ ಮೊದಲ ಜಾಗ ಕಾಡಲ್ಲ, ಊರ ನಡುವಿನ ವಿಕ್ಟೋರಿಯಾ ಪಾರ್ಕ್. ಮಕ್ಕಳು ಐಸ್‌ಕ್ರೀಮ್ ತಿನ್ನುವ, ಜೋಡಿಗಳು ಕೂರುವ ಪಾರ್ಕ್. ಅದರ ಅಂಚಿನಲ್ಲಿ ಹರಿಯುವ ಕೊಳಕು ನೀರಿನ ತೋಡಿನ ಬಳಿ ಸಂಜೆ ಐದರ ಮೇಲೆ ಮೂಗು ಮುಚ್ಚಿಕೊಂಡು ನಿಲ್ಲಿ. ಹಿಮಾಲಯದಿಂದ ಬಂದ ಪೈಡ್ ಥ್ರಷ್ ಇಲ್ಲಿ ಕಸದ ನಡುವೆ ಹುಳ ಹೆಕ್ಕುತ್ತದೆ. ನವರಂಗವೂ ಬರುತ್ತದೆ. ಕಾಶ್ಮೀರದ ನೊಣಹಿಡುಕ ಎತ್ತರದ ಮರಗಳಲ್ಲಿ. ಈ ಮೂರೂ ವಲಸೆ ಬಂದವು, ಮಾರ್ಚ್ ದಾಟಿದರೆ ಸಿಗುವುದು ಕಷ್ಟ.

ನುವಾರ ಎಲಿಯದಿಂದ ಹಾರ್ಟನ್ ಪ್ಲೇನ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದಾದರೆ ಶನಿವಾರ, ಭಾನುವಾರ ಮತ್ತು ಪೋಯಾ, ಅಂದರೆ ಹುಣ್ಣಿಮೆಯ ರಜೆ, ಈ ಮೂರನ್ನೂ ತಪ್ಪಿಸಿ. ಗೇಟಿನಲ್ಲಿ ಚೀಲ ತೆಗೆಸಿ ಪ್ಲಾಸ್ಟಿಕ್ ನೋಡುತ್ತಾರೆ. ನಮ್ಮ ನೀರಿನ ಬಾಟಲಿಯ ಮೇಲಿನ ತೆಳು ಲೇಬಲನ್ನೂ ಕಿತ್ತುಕೊಂಡರು. ತಿಂಡಿಯನ್ನು ಡಬ್ಬಿಯಲ್ಲಿ ಒಯ್ಯಿರಿ. ಎಲ್ಲರೂ 'ಪ್ರಪಂಚದ ಅಂಚು' ಅನ್ನುವ ಪ್ರಪಾತದ ಕಡೆ ಓಡುತ್ತಾರೆ. ನೀವು ಮಾತ್ರ ರಸ್ತೆ ಬದಿಯಲ್ಲೇ ಇರಿ. ಹಳದಿ ಕಿವಿಯ ಪಿಕಳಾರ, ಮಾಸಲು ನೀಲಿ ನೊಣಹಿಡುಕ, ಬೆಟ್ಟದ ಬಿಳಿಗಣ್ಣ ಎಲ್ಲ ಅಲ್ಲೇ ಸಿಗುತ್ತವೆ. ಕಷ್ಟದ್ದು ಒಂದೇ, ಶ್ರೀಲಂಕಾ ಸಿಳ್ಳೆ ಹಕ್ಕಿ, ಅದರ ಇನ್ನೊಂದು ಹೆಸರು ಅರೆಂಗಾ. ರಸ್ತೆ ಪಕ್ಕದ ಒಂದು ಸಣ್ಣ ಕೊಳಕ್ಕೆ ಅದರದೇ ಹೆಸರು. ಪೂರ್ತಿ ಬೆಳಕಾಗುವ ಮೊದಲು ಅಲ್ಲಿರಬೇಕು, ಆಮೇಲೆ ಅದು ಪೊದೆ ಬಿಟ್ಟು ಬರುವುದಿಲ್ಲ.

ನಾವು ಮಂಕಿ ಟೋಪಿ ಹಾಕಿಕೊಂಡು, ಕೈ ಉಜ್ಜಿಕೊಳ್ಳುತ್ತಾ ನಿಂತೆವು. 'ಸ್ರೀ' ಅಂತ ಕಿವಿ ಕೊರೆಯುವಂಥ ಒಂದು ತೆಳು ಸಿಳ್ಳೆ. ಕೊಳದಾಚೆಯ ಪಾಚಿ ಹಿಡಿದ ಕೊಂಬೆ ಮೇಲೆ ಕಪ್ಪಗೆ ಏನೋ ಬಂದು ಕೂತಿತು. ಭುಜದ ಮೇಲೆ ಒಂದು ಚೂರು ನೀಲಿ ಹೊಳೆಯಿತು. ಎರಡು ಸೆಕೆಂಡ್ ಇರಬಹುದು. ಭಾವ ಆಗಷ್ಟೇ ಕನ್ನಡಕದ ಮಂಜು ಒರೆಸುತ್ತಿದ್ದರು. 'ಬಂತಾ?' ಅಂದರು.