ಬಾಡಿಗೆ ಬಂಗಲೆಯ ಖರ್ಚು ಹಂಚುವ ಬಗೆ

ಸಕಲೇಶಪುರದ ಕಡೆ ಗೆಳೆಯರೆಲ್ಲ ಸೇರಿ ಇಡೀ ಬಂಗಲೆಯನ್ನು ಬಾಡಿಗೆಗೆ ಹಿಡಿದಾಗ, ಒಟ್ಟು ಮೊತ್ತವನ್ನು ತಲೆಗೆ ಇಷ್ಟೆಂದು ಭಾಗಿಸುವುದು ಸುಲಭವೇ ಹೊರತು ನ್ಯಾಯವೆಂದು ನನಗೆ ಅನಿಸುವುದಿಲ್ಲ. ಕಾಫಿ ತೋಟಕ್ಕೆ ತೆರೆದುಕೊಳ್ಳುವ ದೊಡ್ಡ ಕೋಣೆಯನ್ನು ಪಡೆದ ದಂಪತಿಯೂ ಹಜಾರದ ಹಾಸಿಗೆಯಲ್ಲಿ ರಾತ್ರಿ ಕಳೆದ ಗೆಳೆಯನೂ ಒಂದೇ ದರ ತೆರುವುದು ಹೇಗೆ ಸರಿಯಾದೀತು? ಊಟದ ಖರ್ಚು ತಲೆಗಳ ಮೇಲೆ ಬೀಳಲಿ, ಬಾಡಿಗೆ ಕೋಣೆಗಳ ಮೇಲೆ ಬೀಳಲಿ. ಹೊರಡುವ ಮುನ್ನವೇ ಕುಳಿತು, ಹಲವರು ಬಯಸುವ ಕೋಣೆಯ ದರವನ್ನು ಸ್ವಲ್ಪ ಏರಿಸಿ ಉಳಿದವುಗಳದ್ದನ್ನು ಅಷ್ಟೇ ಇಳಿಸುತ್ತಾ ಹೋದರೆ, ಪ್ರತಿಯೊಬ್ಬರೂ ಬೇರೆ ಬೇರೆ ಕೋಣೆಯನ್ನು ಮನಃಪೂರ್ವಕವಾಗಿ ಆರಿಸಿಕೊಳ್ಳುವ ಹಂತಕ್ಕೆ ಹತ್ತಿರವಾಗಬಹುದು. ಕೆಲವು ಸಾಮಾನ್ಯ ಷರತ್ತುಗಳಡಿ ಅಂಥ ದರಪಟ್ಟಿ ಇದ್ದೇ ಇರುತ್ತದೆಂದು ಗಣಿತಜ್ಞ ಫ್ರಾನ್ಸಿಸ್ ಸು 1999ರ ಲೇಖನವೊಂದರಲ್ಲಿ ಸಾಧಿಸಿ ತೋರಿಸಿದ್ದಾರೆ. ಒಂದು ದಿನ ಮೊದಲೇ ಹೊರಡುವವರಿಗೆ ಊಟದ ಪಾಲನ್ನು ಬಿಡಬೇಕು, ಆದರೆ ಕೋಣೆಯ ಬಾಡಿಗೆಯನ್ನು ಅವರು ಪೂರ್ತಿ ಕೊಡಬೇಕು.