ಗೋಪುರದ ನೆರಳಲ್ಲಿ

ದುಬೈನ ಶೇಖ್ ಜಾಯೆದ್ ರಸ್ತೆಯಲ್ಲಿ ಹೋಗುವಾಗ ನನ್ನ ಕಣ್ಣು ಮೊದಲು ಹುಡುಕುವುದು ಹಳೆಯ ವರ್ಲ್ಡ್ ಟ್ರೇಡ್ ಸೆಂಟರ್ ಕಟ್ಟಡವನ್ನು. 1979ರಲ್ಲಿ ಅದು ಶುರುವಾದಾಗ ಸುತ್ತ ಹೆಚ್ಚಾಗಿ ಬರೀ ಮರಳು. ಊರಾಚೆ ಇಷ್ಟು ದೂರ ಯಾರು ಬರ್ತಾರೆ ಅಂದವರೂ ಇದ್ದರಂತೆ. ಈಗ ಗಾಜಿನ ಗೋಪುರಗಳ ಮಧ್ಯೆ ಅದೇ ಗಿಡ್ಡ!

ತೈಲ ಸಿಕ್ಕಿದ್ದು 1966ರಲ್ಲಿ. ಅದು ತುಂಬಾ ಕಾಲ ಬರಲ್ಲ ಅಂತ ಗೊತ್ತಿದ್ದೇ ಇಲ್ಲಿನ ಆಳುವವರು ಹಡಗಿನ ಬಂದರು, ವಿಮಾನ, ವ್ಯಾಪಾರದ ಮೇಲೆ ಹಣ ಹಾಕಿದರು. ಆ ದೂರದೃಷ್ಟಿಯನ್ನು ಮೆಚ್ಚಲೇಬೇಕು.

828 ಮೀಟರ್ ಎತ್ತರದ ಬುರ್ಜ್ ಖಲೀಫಾ ಕಟ್ಟುವಾಗ ಬೇಸಿಗೆಯಲ್ಲಿ ಕಾಂಕ್ರೀಟ್‌ಗೆ ಐಸ್ ಬೆರೆಸಿ, ರಾತ್ರಿ ಹೊತ್ತು ಸುರಿಯುತ್ತಿದ್ದರು. ಹಗಲಿನ ಬಿಸಿಗೆ ಅದು ಬೇಗ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಅದಕ್ಕೆ. ಕಾಂಕ್ರೀಟ್‌ಗೇ ಇಷ್ಟು ಜೋಪಾನ ಬೇಕಾದರೆ ಅದನ್ನು ಸುರಿದ ಮನುಷ್ಯರಿಗೆ ಎಷ್ಟು ಬೇಕು ಅಲ್ವಾ?

ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಆ ಹೊತ್ತಲ್ಲಿ ಅರ್ಧ ಎದ್ದ ಕಟ್ಟಡಗಳ ಕೆಳಗೆ, ಹೆಲ್ಮೆಟ್ ಪಕ್ಕಕ್ಕಿಟ್ಟು, ಮುಖಕ್ಕೆ ಟವೆಲ್ ಹಾಕಿಕೊಂಡು ಮಲಗಿದವರನ್ನು ನೋಡುತ್ತೇನೆ. ಒಳ್ಳೆಯ ನಿಯಮ. ಆದರೆ ಸೆಪ್ಟೆಂಬರ್ ಮುಗಿದರೂ ಇಲ್ಲಿ ಸೆಕೆ ಕಮ್ಮಿಯಾಗಲ್ಲ. ಅದನ್ನು ಇನ್ನೊಂದು ತಿಂಗಳಾದರೂ ಮುಂದುವರಿಸಬೇಕು.